ಬಾವಿಗಿಳಿಯುವ ಹಕ್ಕು

“ಏ ಮುಂಡೇದೆ, ಮೆಟ್ಟಿಲಿಗೆ ತಾಗಿಸ್ಬೇಡ! ಕಣ್ಣೇನು ಬೆನ್ನಲ್ಲಿ ಇಟ್ಕೊಂಡಿದೀಯಾ?”

ಪೂಜಾರಿ ಗರ್ಭಗುಡಿಯ ಮುಂದೆ ನಿಂತು ಕಿರುಚಿದ. ಸಣ್ಣಿ ತಲೆಯ ಮೇಲಿನ ಕೆಸರುಬುಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಮೈಯನ್ನೆಲ್ಲ ಹಿಡಿಮಾಡಿಕೊಂಡು, ಮೆಟ್ಟಿಲಿನಿಂದ ಮಾರು ದೂರ ಸರಿದಳು. ಬುಟ್ಟಿಯಿಂದ ಸೋರಿದ ಕರಿನೀರು ಕುತ್ತಿಗೆಗಿಳಿದು ರವಿಕೆಯೊಳಗೆ ಹರಿಯಿತು. ಒರೆಸಿಕೊಳ್ಳೋಣವೆಂದರೆ ಕೈ ಬಿಡುವಿಲ್ಲ.

“ಹನಿ ಬಿತ್ತು ನೋಡು, ಹನಿ! ಅದನ್ನ ತೊಳೆಯೋರು ಯಾರು, ನಿಮ್ಮಪ್ಪನಾ?”

“ನಾನೇ ತೊಳೀತೀನಿ ಸ್ವಾಮಿ.”

“ನೀನು ತೊಳೆದ್ರೆ, ನೀನು ತೊಳೆದಿದ್ದನ್ನ ಯಾರು ತೊಳೀಬೇಕು? ನಡಿ, ನಡಿ.”

ಅವಳು ನಡೆದಳು. ಹಿಂದಿನ ಗೋಡೆಯಲ್ಲಿ ಸೊಂಟದೆತ್ತರದ ಒಂದು ಗಿಡ್ಡ ಬಾಗಿಲಿತ್ತು. ಬಾವಿ ಕೆಲಸದವರು ಬರುವುದೂ ಅದರಲ್ಲೇ, ಹೋಗುವುದೂ ಅದರಲ್ಲೇ. ಗೋಡೆ ಎಷ್ಟು ದಪ್ಪವೆಂದರೆ ಬಾಗಿಲೊಳಗೇ ಒಂದು ತಿರುವು. ಬುಟ್ಟಿ ಇಳಿಸಿ, ಮಂಡಿಯೂರಿ ತೆವಳಿ, ಆಮೇಲೆ ಬುಟ್ಟಿಯನ್ನು ಹಿಂದಿನಿಂದ ಎಳೆದುಕೊಳ್ಳಬೇಕು. ಹೆಸರಿಗಷ್ಟೇ ಅವಳು ಸಣ್ಣಿ. ಹುಟ್ಟಿದಾಗ ಬೊಗಸೆಯಷ್ಟಿದ್ದಳಂತೆ, ಹಾಗೆ ಬಿದ್ದ ಹೆಸರು. ಆಮೇಲೆ ಬೆಳೆದದ್ದು ಮಾತ್ರ ಯಾರ ಮಾತನ್ನೂ ಕೇಳದೆ. ಇಬ್ಬರು ಗಂಡಸರು ಎತ್ತುವ ಮೂಟೆ ಅವಳೊಬ್ಬಳ ಹೆಗಲಿಗೆ ಬರುತ್ತಿತ್ತು. ಗಂಡ ಕಡ್ಡಿಯಂಥವನು. ವರ್ಷಕ್ಕೊಮ್ಮೆ ದೇವರ ಬಾವಿಗಿಳಿದು ಹೂಳು ತೆಗೆಯುವವನು, ಅದಕ್ಕೇ ಊರಿಗೆಲ್ಲ ಕಪ್ಪೆ. ಇಬ್ಬರೂ ಜೊತೆಗೆ ಬರುವುದನ್ನು ಕಂಡರೆ ಕೇರಿಯವರು, “ಏಣಿ ಬಂತು, ಹಿಂದೇನೇ ಕಪ್ಪೆನೂ ಬಂತು” ಎಂದು ನಗುತ್ತಿದ್ದರು.

ಗೋಡೆಯಾಚೆ ಅತ್ತೆ ಹೂಳನ್ನು ಹರವುತ್ತ ಕೂತಿದ್ದಳು. ಸಣ್ಣಿ ಬುಟ್ಟಿ ಕವುಚಿ ಮತ್ತೆ ತೆವಳಿಕೊಂಡು ಒಳಗೆ ಬಂದಳು.

ಅಂಗಳದಲ್ಲಿ ದೇವಸ್ಥಾನದ ಅಧ್ಯಕ್ಷ ಯಾರೋ ದೊಡ್ಡ ಮನೆಯ ಅತಿಥಿಗಳನ್ನು ಕರೆತಂದು ಬಾವಿ ತೋರಿಸುತ್ತಿದ್ದ. ಮಾರನೆಯ ದಿನ ದೇವರಿಗೆ ದೊಡ್ಡ ಅಭಿಷೇಕ. ಅತಿಥಿಗಳು ಬಂದದ್ದು ಅದಕ್ಕೇ, ಸಣ್ಣಿಯ ಮನೆಯವರು ಬಂದದ್ದೂ ಅದಕ್ಕೇ.

“ಈ ಬಾವಿಗೆ ದೊಡ್ಡ ಇತಿಹಾಸ ಇದೆ,” ಎನ್ನುತ್ತಿದ್ದ ಅಧ್ಯಕ್ಷ. “ಎಷ್ಟು ಅಗೆದ್ರೂ ನೀರು ಬರ್ಲಿಲ್ಲವಂತೆ. ಆಗ ದೇವರು ಅಗೆಯೋನ ಕನಸಲ್ಲಿ ಬಂದು, ನೀನೇ ಬೇಕು ಅಂದ. ಆ ಮಹಾನುಭಾವ ಮರುಮಾತಾಡ್ಲಿಲ್ಲ. ಸಂತೋಷವಾಗಿ ತಳಕ್ಕೆ ಹೋಗಿ ಮಲಗಿಬಿಟ್ಟ. ಬೆಳಗಾಗೋದ್ರೊಳಗೆ ನೀರು ಉಕ್ಕಿತು. ಅದಕ್ಕೇ ಇವತ್ತಿಗೂ ಆತನ ವಂಶದೋರೇ ಬಾವಿಗಿಳಿಯೋದು. ಬೇರೆಯೋರು ತಲೆಕೆಳಗಾಗಿ ನಿಂತ್ರೂ ಆ ಹಕ್ಕು ಸಿಗಲ್ಲ!”

ಅತಿಥಿಗಳಲ್ಲಿ ಒಬ್ಬಾಕೆ ಕಣ್ಣು ಮುಚ್ಚಿ ಕೈಮುಗಿದಳು. ಮುಗಿದದ್ದು ಬಾವಿಗೆ. ಒಳಗೆ ಮೊಳಕಾಲುದ್ದ ಕೆಸರಲ್ಲಿ ನಿಂತು ಬುಟ್ಟಿ ತುಂಬುತ್ತಿದ್ದವನು ಅವಳಿಗೆ ಕಾಣುವಂತಿರಲಿಲ್ಲ.

ಈ ಕತೆಯನ್ನು ಸಣ್ಣಿ ಹೋಗಿ ಅತ್ತೆಗೆ ಹೇಳಿದಾಗ ಮುದುಕಿ ಕ್ಯಾಕರಿಸಿ ಉಗಿದಳು. “ಮಲಗ್ಲಿಲ್ಲ ಕಣೆ, ಮಲಗಿಸಿದ್ರು. ಕೈಕಾಲು ಕಟ್ಟಿ. ನಮ್ಮತ್ತೆಗೆ ಅವರತ್ತೆ ಹೇಳಿದ್ದು. ದೇವರು ನಮ್ಮೋರ ಕನಸಿಗೆ ಯಾಕೆ ಬರ್ತಾನೆ? ಬಂದ್ರೆ ಆಮೇಲೆ ಅವನು ಸ್ನಾನ ಮಾಡ್ಬೇಕಲ್ಲ!”

ಈ ಕೆಲಸ ಆಗಲ್ಲ ಎನ್ನುವಂತೆಯೂ ಇರಲಿಲ್ಲ. ಕೇರಿಯ ಗುಡಿಸಲುಗಳೆಲ್ಲ ನಿಂತಿದ್ದದ್ದು ದೇವಸ್ಥಾನದ ಜಾಗದಲ್ಲಿ. ಬಾವಿಗಿಳಿಯಲ್ಲ ಎಂದವನು ಮಾರನೆಯ ದಿನ ಸೂರು ಕಿತ್ತು ತಲೆಮೇಲೆ ಹೊತ್ತುಕೊಂಡು ನಡೆಯಬೇಕಿತ್ತು. ಹಕ್ಕು ಎಂದರೆ ಅದು.

ಆ ವರ್ಷ ನೀರು ತೆಗೆಯಲು ಅಧ್ಯಕ್ಷ ಬಾಡಿಗೆಗೆ ಒಂದು ಇಂಜಿನ್ನು ತರಿಸಿದ್ದ. ಬೆಳಗಿನಿಂದ ಅದು ಬಾವಿಕಟ್ಟೆಯ ಮೇಲೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಗಾಳಿ ತಿರುಗಿದ್ದೇ ಹೊಗೆಯೆಲ್ಲ ಗರ್ಭಗುಡಿಗೆ ನುಗ್ಗಿತು.

“ದೇವರಿಗೆ ಹೊಗೆ ಹಾಕ್ತಿದೀರೇನ್ರೋ? ಉಸಿರು ಕಟ್ತಿದೆ ಇಲ್ಲಿ!” ಪೂಜಾರಿ ಕೆಮ್ಮುತ್ತ ಹೊರಬಂದ. “ಆ ದರಿದ್ರಾನ ಬಾವಿಯೊಳಗೆ ಇಳಿಸ್ರೋ. ಅಲ್ಲೇ ಹೊಗೆ ಬಿಡ್ಲಿ.”

ಇಂಜಿನ್ನಿನ ಹುಡುಗ, “ಒಳಗೆಲ್ಲಾ ಇಡಬಾರ್ದು ಸ್ವಾಮಿ…” ಎಂದು ರಾಗ ಎಳೆದ. ಅಧ್ಯಕ್ಷ ಅವನ ಕಡೆ ಒಮ್ಮೆ ನೋಡಿದ. ರಾಗ ಅಲ್ಲಿಗೇ ನಿಂತಿತು. ಕಪ್ಪೆಯ ಸೊಂಟಕ್ಕೆ ಕಟ್ಟುತ್ತಿದ್ದ ಹಳೆಯ ದಪ್ಪ ಹಗ್ಗವನ್ನೇ ಇಂಜಿನ್ನಿಗೆ ಬಿಗಿದು, ಬಾವಿಯ ಒಳಗೋಡೆಯಲ್ಲಿ ನಡುವೆ ಚಾಚಿಕೊಂಡಿದ್ದ ಕಲ್ಲಿನ ಮೇಲೆ ಇಳಿಸಿ, ಹಗ್ಗ ಬಿಚ್ಚಿದರೆ ಉರುಳೀತೆಂದು ಹಾಗೇ ಬಿಗಿದಿಟ್ಟರು. ಅದು ಒಳಗೇ ಹೊಡೆದುಕೊಳ್ಳತೊಡಗಿತು. ಕಪ್ಪೆ ಮೇಲೆ ಬಂದು, ಗೋಡೆಯಾಚೆ ಹೋಗಿ ಬುತ್ತಿ ಬಿಚ್ಚಿದ. ಸಣ್ಣಿ ಎದುರಿಗೆ ಕೂತಳು.

“ತುಟಿ ನೀಲಿಗಟ್ಟಿದೆ ನಿಂದು,” ಎಂದಳು.

“ಚಳಿ. ಒಳಗೆ ಇಳಿದು ನೋಡು ಗೊತ್ತಾಗತ್ತೆ. ನೀನು ಇಳಿದ್ರೆ ಮಾತ್ರ ಮೇಲೆ ಎತ್ತೋಕೆ ಆನೆ ತರಿಸ್ಬೇಕು.”

“ತರಿಸು. ಬುತ್ತಿ ಮುಗಿಸು ಮೊದ್ಲು.”

ಅವನು ಅರ್ಧ ತಿಂದು ಉಳಿದದ್ದನ್ನು ಅವಳ ಕಡೆ ತಳ್ಳಿದ. ಅಷ್ಟರಲ್ಲಿ ಒಳಗಿಂದ ಕೂಗು ಬಂತು. ನೀರು ಬಸಿದಿದೆ, ಇಂಜಿನ್ನು ನಿಲ್ಲಿಸಿಯಾಯಿತು, ಉಳಿದ ಹೂಳು ಸಂಜೆಯೊಳಗೆ ಬರಬೇಕು.

ಕಪ್ಪೆ ಬಾವಿಗೆ ಬಗ್ಗಿ ನೋಡಿದ. ಹೊಗೆ ಇನ್ನೂ ತೆಳ್ಳಗೆ ಸುಳಿಯುತ್ತಿತ್ತು. “ಒಂದ್ಸ್ವಲ್ಪ ಹೊತ್ತು ಹೋಗ್ಲಿ ಬುದ್ಧಿ. ಘಾಟು ಇದೆ.”

“ಘಾಟಂತೆ! ಬೀಡಿ ಸೇದೋವಾಗ ಬರಲ್ವೇನೋ ಘಾಟು?” ಎಂದ ಅಧ್ಯಕ್ಷ. ಅತಿಥಿಗಳು ನಕ್ಕರು.

“ಹಂಗಾದ್ರೆ ಸೊಂಟಕ್ಕೆ ಆ ಹಗ್ಗ ಆದ್ರೂ ಕೊಡಿ. ನಮ್ಮದು ಇಂಜಿನ್ನಿಗೆ ಕಟ್ಟಿದೆ. ಬುಟ್ಟಿ ಹಗ್ಗ ಆಳಿನ ಭಾರ ತಡೆಯಲ್ಲ.” ಕಂಬದ ಗೂಟದಲ್ಲಿ ಹೊಸ ಹಗ್ಗವೊಂದು ಸುತ್ತಿ ತೂಗುತ್ತಿತ್ತು.

ಪೂಜಾರಿ ಹಾವು ತುಳಿದವನಂತೆ ಹಾರಿದ. “ಅದು ದೇವರಿಗೆ ನೀರು ಸೇದೋ ಹಗ್ಗ ಕಣೋ! ನಿನ್ನ ಸೊಂಟಕ್ಕೆ ಸುತ್ತಿ, ಅದರಲ್ಲೇ ನಾಳೆ ಅಭಿಷೇಕಕ್ಕೆ ಸೇದ್ಬೇಕಾ? ಬೋಳಿಮಗನೆ, ನಾಲಿಗೆಗೆ ಹುಳ ಬೀಳತ್ತೆ.”

ಬಾವಿಗಾದರೆ ಮಂತ್ರ ಹಾಕಿ ಶುದ್ಧ ಮಾಡುತ್ತಿದ್ದರು. ಹಗ್ಗಕ್ಕೆ ಮಂತ್ರ ಇರಲಿಲ್ಲವೇನೋ.

ಕಪ್ಪೆ ಕಟ್ಟೆ ಹತ್ತಿದ. ಗೋಡೆಯ ಕಾಲುಗುಂಡಿಗಳಲ್ಲಿ ಬೆರಳೂರಿ ಇಳಿದ. ಅವನ ತಮ್ಮ ಬುಟ್ಟಿ ಎಳೆಯಲು ರಾಟೆಯ ಬಳಿ ನಿಂತ. ಒಂದು ಬುಟ್ಟಿ ಬಂತು. ಸಣ್ಣಿ ಹೊತ್ತು ಹೋಗಿ ಸುರಿದು ಬಂದಳು. ಎರಡನೆಯ ಬುಟ್ಟಿ ಬರಲಿಲ್ಲ.

“ಅಣ್ಣಾ, ತುಂಬಿತಾ?”

ತಮ್ಮ ಬುಟ್ಟಿ ಹಗ್ಗ ಜಗ್ಗಿ ನೋಡಿದ. ಸಣ್ಣಿ ಬಗ್ಗಿದಳು. ನೆತ್ತಿಯ ಬಿಸಿಲು ನೇರ ತಳಕ್ಕೆ ಬಿದ್ದಿತ್ತು. ಕಪ್ಪೆ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಒಂದು ಕೈ ತಲೆಯ ಮೇಲಿನ ಕಾಲುಗುಂಡಿಯಲ್ಲಿ ಸಿಕ್ಕಿಕೊಂಡಿತ್ತು. ದಣಿದವನು ಅರೆಗಳಿಗೆ ಕಣ್ಣು ಮುಚ್ಚಿದ ಹಾಗೆ.

“ಏ ಅಣ್ಣಾ, ನಿದ್ದೆ ಮಾಡ್ತಿದೀಯೇನೋ?” ತಮ್ಮ ನಗಲು ನೋಡಿದ. ನಗು ಬಾಯಲ್ಲೇ ಹುಳಿಯಾಯಿತು. ಅವನು ಕಟ್ಟೆ ಹತ್ತಿ ಒಂದು ಕಾಲು ಒಳಗಿಟ್ಟಿದ್ದ, ಸಣ್ಣಿ ಹಿಂದಿನಿಂದ ಅವನ ಸೊಂಟ ತಬ್ಬಿದಳು.

“ಬಿಡೆ ಅತ್ಗೆ!”

“ಇಳೀಬೇಡ. ಹೊಗೆ ಕುಡಿದಿದಾನೆ. ನೀನೂ ಕುಡೀತೀಯ.”

“ಉಸಿರಾಡ್ತಿದಾನೆ ನೋಡೆ, ಹೊಟ್ಟೆ ಅಲ್ಲಾಡ್ತಿದೆ! ಬಿಡೇ, ನಿನ್ನ ಗಂಡ ಕಣೆ ಅವನು!”

ಅವನು ಮೊಣಕೈಯಿಂದ ಅವಳ ಮುಖಕ್ಕೆ ಗುದ್ದಿದ. ಬಾಯಲ್ಲಿ ರಕ್ತ ಬಂತು. ಅವಳು ಬಿಡಲಿಲ್ಲ. ಹಿಂದೆ ಒಂದು ಹೊಂಡದಲ್ಲಿ ಒಬ್ಬನ ಹಿಂದೆ ಒಬ್ಬ ಇಳಿದು ಒಂದೇ ಮನೆಯ ಮೂರು ಗಂಡಸರು ಉಸಿರುಗಟ್ಟಿ ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಕಂಡದ್ದು ತೋಳಿಗೆ ಗೊತ್ತಿತ್ತು. ಆದರೆ ಕಣ್ಣು ಬಾವಿಯಲ್ಲೇ ಇತ್ತು. ಹೊಟ್ಟೆ ಅಲ್ಲಾಡಿತೆ? ಅಲ್ಲಾಡಿದ ಹಾಗಿತ್ತು. ಕೆಸರುನೀರಿನ ಮೇಲೆ ಬಿಸಿಲು ಅಲ್ಲಾಡಿದ್ದೂ ಇರಬಹುದು.

“ಫೋನ್ ಮಾಡಿ ಬುದ್ಧಿ! ಬೆಂಕಿ ಆರಿಸೋರಿಗೆ ಫೋನ್ ಮಾಡಿ! ಅವರ ಹತ್ರ ಮುಖಕ್ಕೆ ಹಾಕೋದಿರತ್ತೆ!”

“ಮಾಡ್ತಿದೀನಿ, ಮಾಡ್ತಿದೀನಿ,” ಎಂದು ಅಧ್ಯಕ್ಷ ಕಿವಿಗೆ ಫೋನ್ ಇಟ್ಟುಕೊಂಡು, ಅತಿಥಿಗಳನ್ನು ಕಚೇರಿ ಕೋಣೆಯ ಕಡೆ ನಡೆಸಿಕೊಂಡು ಹೋದ.

ಸಣ್ಣಿ ಮೈದುನನನ್ನು ಹಿಂದಕ್ಕೆಳೆದು ನೆಲಕ್ಕೆ ಕೆಡವಿ, ಕಂಬಕ್ಕೆ ಓಡಿ ಹೊಸ ಹಗ್ಗವನ್ನು ಕಿತ್ತುಕೊಂಡಳು. “ಮುಟ್ಟಿಬಿಟ್ಲು! ಮುಟ್ಟೇಬಿಟ್ಲು!” ಪೂಜಾರಿ ಹಣೆ ಚಚ್ಚಿಕೊಂಡ. ಅವಳು ಕುಣಿಕೆ ಮಾಡಿ ಹಗ್ಗ ಬಿಟ್ಟಳು.

“ಹಿಡ್ಕೊಳ್ಳೋ. ನನ್ನಪ್ಪಾ, ಹಿಡ್ಕೊ. ಕೈ ಎತ್ತು ಒಂದ್ಸಲ. ನಾನು ಎಳ್ಕೋತೀನಿ, ನೀನು ಬರೀ ಹಿಡ್ಕೊ.”

ಕುಣಿಕೆ ಅವನ ನೆತ್ತಿಗೆ ತಗುಲಿ, ಜಾರಿ, ಹೆಗಲ ಮೇಲೆ ಕೂತಿತು. ಕೂತೇ ಇತ್ತು. ಅವಳು ಎತ್ತಿ ಮತ್ತೆ ಬಿಟ್ಟಳು. ಮತ್ತೆ ಬಿಟ್ಟಳು. ಎಷ್ಟು ಸಲ ಬಿಟ್ಟಳೆಂದು ಯಾರೂ ಎಣಿಸಲಿಲ್ಲ.

ಅತ್ತೆ ಗಿಡ್ಡ ಬಾಗಿಲಿನಿಂದ ತೆವಳಿಕೊಂಡು ಬಂದಳು. ಬಾವಿಗೆ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಕಿರಿಮಗ ನೆಲದಲ್ಲಿ ಕೂತು ಅಳುತ್ತ, “ನಾನು ಇಳೀತಿದ್ದೆ ಅವ್ವಾ, ಅತ್ಗೆ ಬಿಡ್ಲಿಲ್ಲ” ಎಂದಾಗ ಮಾತ್ರ ತಿರುಗಿದಳು.

“ನೀನು ಹಿಡ್ಕೊಂಡ್ಯಾ?”

ಸಣ್ಣಿ ಹೌದೆಂದು ತಲೆ ಅಲ್ಲಾಡಿಸಿದಳು.

“ಜೀವ ಇತ್ತಂತೆ. ಹಿಡ್ಕೊಂಡ್ಯಾ?”

“ಇಬ್ಬರೂ ಹೋಗ್ತಿದ್ರು ಅತ್ತೆ.”

“ನಿನ್ನ ಕೈಗೆ ಕುಷ್ಠ ಹತ್ತ. ನಿನ್ನ ಹೊಟ್ಟೆ ಉರಿದುಹೋಗ. ಗಂಡನ್ನ ಬಾವೀಲಿ ಬಿಟ್ಟು ಮೈದುನನ್ನ ತಬ್ಕೊಂಡು ನಿಂತ್ಯಲ್ಲೇ, ಸೂಳೆ.”

ಸಣ್ಣಿ ಬಾಯಿಯ ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು. ಹಗ್ಗದ ತುದಿ ಇನ್ನೂ ಅವಳ ಕೈಯಲ್ಲಿತ್ತು.

ಹೊತ್ತು ಇಳಿಯಿತು. ಕೇರಿಯವರು ಒಬ್ಬೊಬ್ಬರಾಗಿ ತೆವಳಿ ಬಂದು ಗೋಡೆಯುದ್ದಕ್ಕೂ ನಿಂತರು. ಬೆಂಕಿ ಆರಿಸುವವರು ಬರಲಿಲ್ಲ. ಇಂಜಿನ್ನಿನ ಹುಡುಗ ಸಣ್ಣಿಯ ಹತ್ತಿರ ಸರಿದು, ನೆಲ ನೋಡುತ್ತ ಪಿಸುಗುಟ್ಟಿದ. “ಅಕ್ಕಾ, ಯಾರಿಗೂ ಫೋನ್ ಮಾಡಿಲ್ಲ. ಪೊಲೀಸ್ ಬಂದ್ರೆ ನಾಳೆ ಅಭಿಷೇಕ ನಿಲ್ಲತ್ತೆ ಅಂತ ಕಚೇರೀಲಿ ಮಾತಾಡ್ಕೊಳ್ತಿದಾರೆ. ನಾನು ಮಾಡಣ ಅಂದ್ರೆ… ಇಂಜಿನ್ನು ನಂದು. ನನ್ನೇ ಒಳಗೆ ಹಾಕ್ತಾರೆ ಅಕ್ಕಾ.”

ಅವಳು ಅವನನ್ನು ನೋಡಿದಳು. ಬೈಯಲು ಕೂಡ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಅಧ್ಯಕ್ಷ ಹೊರಬಂದಾಗ ಮುಖಕ್ಕೆ ದುಃಖ ಹಚ್ಚಿಕೊಂಡಿದ್ದ. “ನೋಡಮ್ಮಾ, ಆದದ್ದು ಆಗಿಹೋಯ್ತು. ಮೂಲಪುರುಷ ಹೋದ ಹಾಗೇ ಹೋದ ನಿನ್ನ ಗಂಡ. ಯಾರಿಗುಂಟು ಯಾರಿಗಿಲ್ಲ! ಅವನ ಹೆಸರಲ್ಲಿ ಒಂದು ಕಲ್ಲು ನಿಲ್ಲಿಸ್ತೀವಿ. ಈಗ ಗಲಾಟೆ ಬೇಡ. ಹೆಣ ತೆಗೆದು ಕತ್ತಲಾಗೋದ್ರೊಳಗೆ ಮಣ್ಣು ಮಾಡಿ.”

“ಕಲ್ಲು ಎಲ್ಲಿ ನಿಲ್ಲಿಸ್ತೀರಿ?” ಎಂದು ಸಣ್ಣಿ ಕೇಳಿದಳು.

“ಎಲ್ಲಿ ಅಂದ್ರೆ?”

“ಒಳಗಾ, ಹೊರಗಾ? ಒಳಗೆ ನಿಲ್ಲಿಸಿದ್ರೆ ನಾನು ಬಂದು ನೋಡೋ ಹಾಗಿಲ್ಲ. ಹೊರಗೆ ನಿಲ್ಲಿಸಿದ್ರೆ ನಾಯಿ ಕಾಲೆತ್ತತ್ತೆ.”

ಅಧ್ಯಕ್ಷನ ದುಃಖ ಸ್ವಲ್ಪ ಒಣಗಿತು. ಪೂಜಾರಿ ನಡುವೆ ಬಂದ. “ದೇವರ ಬಾವೀಲಿ ಪ್ರಾಣ ಬಿಟ್ರೆ ನೇರ ಮೋಕ್ಷ ಅಂತ ಶಾಸ್ತ್ರ ಇದೆ. ನಿಮ್ಮಂಥೋರಿಗೆ ಬೇರೆ ಯಾವ ದಾರೀಲಿ ಸಿಗ್ತಿತ್ತು ಹೇಳು?”

“ಹಂಗಾದ್ರೆ ನೀನೂ ಹಾರು ಸ್ವಾಮಿ,” ಎಂದಳು ಅತ್ತೆ ಕೂತಲ್ಲಿಂದಲೇ. “ಇನ್ನೂ ಜಾಗ ಇದೆ.”

ಗೋಡೆಯುದ್ದಕ್ಕೂ ನಿಂತವರಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷ ಕೈಬೀಸಿದ. “ಹೆಣ ಒಳಗಿರೋವರೆಗೂ ದೇವರಿಗೆ ದೀಪ ಇಲ್ಲ, ನೈವೇದ್ಯ ಇಲ್ಲ. ಅದರ ಪಾಪ ನಿಮ್ಮ ತಲೆಗೆ. ಕೇರಿ ಯಾರ ಜಾಗದಲ್ಲಿದೆ ಅನ್ನೋದನ್ನ ಸ್ವಲ್ಪ ಜ್ಞಾಪಕ ಇಟ್ಕೊಳ್ಳಿ.”

ಹೆಣ ತೆಗೆದದ್ದು ಅಧ್ಯಕ್ಷ ಹೇಳಿದನೆಂದಲ್ಲ. ಸಣ್ಣಿಗೆ ಗಂಡ ಬೇಕಿತ್ತು. ಕೇರಿಯ ಗಂಡಸರು ಇಂಜಿನ್ನನ್ನು ಮೇಲೆಳೆದರು. ಸೊಪ್ಪಿನ ಹೊರೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಬಡಿದು ಗಾಳಿ ಆಡಿಸಿದರು. ಹೊಸ ಹಗ್ಗವನ್ನು ಈಗ ಯಾರೂ ಬೇಡ ಎನ್ನಲಿಲ್ಲ. ಸಣ್ಣಿ ಅದನ್ನು ತಾನೇ ಮೈದುನನ ಕಂಕುಳಿಗೆ ಬಿಗಿದು, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡಳು. “ಮಾತಾಡ್ತಾ ಇಳಿ. ಮಾತು ನಿಂತ್ರೆ ಎಳೀತೀನಿ.”

ಮೈದುನ ಇಳಿದ. “ಇದೀನಿ ಅತ್ಗೆ… ಇದೀನಿ… ಇದೀನಿ…” ತಳ ಮುಟ್ಟಿದ ಮೇಲೆ, ದನಿ ಬದಲಾಗಿ, “ತಣ್ಣಗಾಗಿದಾನೆ ಅತ್ಗೆ” ಎಂದ.

ಕಪ್ಪೆ ಮೇಲೆ ಬಂದ. ಬಾವಿಯಲ್ಲಿ ಕೂತ ಹಾಗೆಯೇ ಮೈ ಸೆಟೆದಿತ್ತು. ಮಂಡಿ ಎದೆಗೆ ಬಂದಿತ್ತು, ಒಂದು ಕೈ ತಲೆಯ ಮೇಲೆ ಚಾಚಿ ಬೆರಳು ಕೊಕ್ಕೆಯಾಗಿತ್ತು. ಅತ್ತೆ ಆ ಕೈಯನ್ನು ಹಿಡಿದು ಕೆಳಗಿಳಿಸಲು ನೋಡಿದಳು. ಬರಲಿಲ್ಲ.

“ಬೇಗ, ಬೇಗ, ಹಿಂದಿನ ಬಾಗಿಲಿಂದ,” ಎಂದ ಅಧ್ಯಕ್ಷ.

ಇಬ್ಬರು ಗಂಡಸರು ಹೊತ್ತುಕೊಂಡು ಹೋಗಿ ಗಿಡ್ಡ ಬಾಗಿಲಿಗೆ ತೂರಿಸಿದರು. ಮೊದಲು ತಲೆ ಹಾಕಿದರೆ ಕೈ ಅಡ್ಡ ಬಂತು. ತಿರುಗಿಸಿ ಕಾಲು ಹಾಕಿದರೆ ಮಂಡಿ ಸಿಕ್ಕಿಕೊಂಡಿತು. ಹೇಗೆ ಹಾಕಿದರೂ ಗೋಡೆಯೊಳಗಿನ ತಿರುವು ದಾಟಲಿಲ್ಲ. ಎಳೆದಾಡುವಾಗ ಕಪ್ಪೆಯ ಹಣೆ ಕಲ್ಲಿಗೆ ತಾಗಿ ಚರ್ಮ ಸುಲಿಯಿತು. ರಕ್ತ ಬರಲಿಲ್ಲ.

“ಕೈಯನ್ನ ಸ್ವಲ್ಪ ಒತ್ತಿ ಮುರೀರೋ. ಸತ್ತೋನಿಗೇನು ನೋವಾಗತ್ತಾ?” ಎಂದ ಪೂಜಾರಿ, ಮೂಗಿಗೆ ಬಟ್ಟೆ ಹಿಡಿದು.

ಹೊತ್ತವರು ಸಣ್ಣಿಯ ಮುಖ ನೋಡಿದರು. ಅವರ ಕಣ್ಣಲ್ಲೂ ಅದೇ ಇತ್ತು. ಮುರಿದರೆ ಮುಗಿಯುತ್ತದೆ, ಮನೆಗೆ ಹೋಗಬಹುದು.

“ಕೆಳಗಿಡ್ರಿ,” ಎಂದಳು ಸಣ್ಣಿ.

ಅವಳು ಬಗ್ಗಿ, ಗಂಡನ ಮಂಡಿಯ ಕೆಳಗೆ ಒಂದು ತೋಳು, ಬೆನ್ನ ಹಿಂದೆ ಒಂದು ತೋಳು ಹಾಕಿ, ಮಗುವನ್ನು ಎತ್ತುವ ಹಾಗೆ ಎತ್ತಿಕೊಂಡಳು. ತಿರುಗಿ ಅಂಗಳದ ನಡುವೆ ನಡೆದಳು. ನೆಟ್ಟಗೆ ಮುಂದಿನ ದೊಡ್ಡ ಬಾಗಿಲಿನ ಕಡೆಗೆ.

“ಏ! ಏ! ಎಲ್ಲಿಗೇ? ಹಿಡೀರೋ ಅವಳನ್ನ!”

ಯಾರು ಹಿಡಿಯುವುದು? ಅತಿಥಿಗಳು ಸೆರಗು ಪಂಚೆ ಎತ್ತಿಕೊಂಡು ಮೊದಲೇ ಬೀದಿಗಿಳಿದಿದ್ದರು. ಪೂಜಾರಿ ಅಡ್ಡ ಬಂದವನು ಅವಳು ನಿಲ್ಲದ್ದನ್ನು ಕಂಡು ಹಿಂದೆ ಹಿಂದೆ ಸರಿಯುತ್ತ, ಹೆಣ ಮೈಗೆ ತಾಗೀತೆಂಬ ಗಾಬರಿಯಲ್ಲಿ ತಾನೇ ಹೊಸ್ತಿಲು ದಾಟಿ ಹೊರಗೆ ಬಿದ್ದ. ಅಧ್ಯಕ್ಷನೂ ಅವನ ಹಿಂದೆ ಹೋದ. ಕಪ್ಪೆಯ ಕಾಲಿನಿಂದ ಹೂಳು ತೊಟ್ಟಿಕ್ಕಿ ಅಂಗಳದುದ್ದಕ್ಕೂ ಕಪ್ಪು ಗೆರೆ ಬಿತ್ತು.

ಬಾಗಿಲು ಮುಟ್ಟುವ ಹೊತ್ತಿಗೆ ಸಣ್ಣಿಯ ತೋಳು ಸೋತಿತು. ಅವಳು ಗಂಡನನ್ನು ಹೊಸ್ತಿಲ ಮೇಲೆಯೇ ಇಳಿಸಿದಳು. ಇಳಿಸಿ, ತಾನೂ ಅಲ್ಲೇ ಕುಸಿದಳು. ಎದ್ದು ಬೀದಿಗೆ ಹೋಗಬೇಕೆಂದೇ ಇತ್ತು. ಆದರೆ ಕೂತ ಮೇಲೆ, ಯಾಕೆ ಏಳಬೇಕು ಅನ್ನಿಸಿತು.

“ದಾರಿ ಬಿಡೆ,” ಎಂದ ಪೂಜಾರಿ ಹೊರಗಿನಿಂದ. “ದೇವರು ಒಬ್ಬನೇ ಇದಾನೆ ಒಳಗೆ.”

ಸಣ್ಣಿ ಗಂಡನ ಕಾಲು ಹಿಡಿದುಕೊಂಡಳು. ಅತ್ತೆ ಕಾಲೆಳೆಯುತ್ತ ಬಂದಳು. ಸೊಸೆಯ ಮುಖವನ್ನು ನೋಡದೆ, ಹೊಸ್ತಿಲ ಇನ್ನೊಂದು ಬದಿಗೆ ಕೂತು, ಮಗನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಸುಲಿದ ಹಣೆಗೆ ಉಗುಳು ಹಚ್ಚಿ ಸವರಿದಳು.

“ದಾಟ್ಕೊಂಡು ಹೋಗು ಸ್ವಾಮಿ,” ಎಂದಳು. “ನಾವೇನು ಬೇಡ ಅಂದ್ವಾ? ದಾಟು.”

ಪೂಜಾರಿ ಒಂದು ಕಾಲು ಎತ್ತಿದ. ಮೇಲಕ್ಕೆ ಚಾಚಿದ್ದ ಆ ಕೈಯನ್ನು ನೋಡಿದ. ಕಾಲು ಹಿಂದಕ್ಕಿಟ್ಟ.

ಅಧ್ಯಕ್ಷ ಫೋನ್ ತೆಗೆದ. ಮಧ್ಯಾಹ್ನದಿಂದ ಸಿಕ್ಕದ ಫೋನು ಒಂದೇ ಸಲಕ್ಕೆ ಸಿಕ್ಕಿತು.

ಪೊಲೀಸರು ಬಂದರು. ಬೀದಿ ತುಂಬ ಜನ. ಕೇರಿಯವರಲ್ಲಿ ಕೆಲವರು ಗಿಡ್ಡ ಬಾಗಿಲಿನಿಂದ ತೆವಳಿ ಮನೆಗೆ ಹೋಗಿಬಿಟ್ಟಿದ್ದರು. ಅವರಿಗೂ ಸೂರು ಉಳಿಯಬೇಕಿತ್ತು. ಮೈದುನ ಹೋಗಲಿಲ್ಲ. ಅವನನ್ನು ಮೊದಲು ಎಳೆದುಕೊಂಡು ಹೋದರು. ಅತ್ತೆಯನ್ನು ಇಬ್ಬರು ಎತ್ತಿ ಪಕ್ಕಕ್ಕೆ ಕೂರಿಸಿದರು. ಹಗುರವಾಗಿದ್ದಳು, ಬೈಯುತ್ತಲೇ ಇದ್ದಳು.

ಸಣ್ಣಿ ಗಂಡನ ಕಾಲನ್ನು ಎರಡೂ ಕೈಯಿಂದ ಹಿಡಿದಿದ್ದಳು. ಹೊಟ್ಟೆ ಅಲ್ಲಾಡಿತ್ತೇ ಇಲ್ಲವೇ ಎನ್ನುವುದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

“ಬಿಡಮ್ಮಾ,” ಎಂದ ಒಬ್ಬ ಪೊಲೀಸ್, ಮೆತ್ತಗೆ. ಆಮೇಲೆ ಅವಳ ಹೆಬ್ಬೆರಳು ಹಿಡಿದು ಬಿಡಿಸಿದ. ಆಮೇಲೆ ಇನ್ನೊಂದು ಬೆರಳು. ಮೂರನೆಯದನ್ನು ಬಿಡಿಸುವಷ್ಟರಲ್ಲಿ ಹೆಬ್ಬೆರಳು ಮತ್ತೆ ಹಿಡಿದುಕೊಂಡಿತ್ತು. ಅವನು ಬೆವರು ಒರೆಸಿಕೊಂಡು ಮೊದಲಿನಿಂದ ಶುರುಮಾಡಿದ.